ಭಯೋತ್ಪಾದನೆ ಏರಿದೆಯೋ ಇಳಿದಿದೆಯೋ: ದಾಳಿಗಳ ಲೆಕ್ಕವನ್ನು ಓದುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಎಂ.ಎ. ವಿದ್ಯಾರ್ಥಿ. 'ಅಂತರರಾಷ್ಟ್ರೀಯ ಭಯೋತ್ಪಾದನೆ ಹೆಚ್ಚುತ್ತಿದೆಯೇ?' ಅನ್ನೋ ವಿಷಯದ ಮೇಲೆ ಸೆಮಿನಾರ್ ಕೊಡಬೇಕು. ಎರಡು ಗ್ರಾಫ್ ಸಿಕ್ಕಿವೆ. ಒಂದರಲ್ಲಿ 1990ರ ದಶಕದಿಂದ ಗೆರೆ ಕೆಳಗಿಳಿಯುತ್ತಾ ಹೋಗುತ್ತದೆ. ಇನ್ನೊಂದರಲ್ಲಿ 2012ರ ಹೊತ್ತಿಗೆ ಗೋಡೆ ಹತ್ತಿದ ಹಾಗೆ ಮೇಲೇರುತ್ತದೆ. ನೀವು ಇಂಥ ದಾಳಿಗಳನ್ನು ದಾಖಲಿಸುವ ಕೆಲಸ ಮಾಡಿದವರು. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ನಂಬಬಹುದು. ಅವು ಎಣಿಸಿರುವುದು ಬೇರೆ ಬೇರೆ ವಸ್ತುಗಳನ್ನು, ಅಷ್ಟೇ. ನಾನು ಏಳೆಂಟು ವರ್ಷ ದಾಳಿಗಳ ಸುದ್ದಿ ಓದಿ, ಒಂದೊಂದನ್ನೂ ಒಂದೊಂದು ಸಾಲಾಗಿ ಬರೆದಿಟ್ಟಿದ್ದೇನೆ. ಆ ಕೆಲಸ ಕಲಿಸಿದ್ದು ಇದನ್ನೇ: ಗೆರೆ ನೋಡುವ ಮೊದಲು ನಿಯಮ ಓದಬೇಕು.

'ಅಂತರರಾಷ್ಟ್ರೀಯ' ಅನ್ನೋ ಪದವನ್ನೇ ತಗೊಳ್ಳಿ. ಅಮೆರಿಕದ ಕಾನೂನಿನ ಪ್ರಕಾರ, ಒಂದಕ್ಕಿಂತ ಹೆಚ್ಚು ದೇಶದ ನಾಗರಿಕರು ಅಥವಾ ನೆಲ ಒಳಗೊಂಡಿದ್ದರೆ ಮಾತ್ರ ಅದು ಅಂತರರಾಷ್ಟ್ರೀಯ. 2004ರ ಆಗಸ್ಟ್ 24ರ ರಾತ್ರಿ ಮಾಸ್ಕೋದಿಂದ ಹೊರಟ ಎರಡು ವಿಮಾನಗಳಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಾಂಬ್ ಸಿಡಿಯಿತು. ಒಂದರಲ್ಲಿ ವಿದೇಶಿ ಪ್ರಯಾಣಿಕರಿದ್ದರು. ಅದು ಅಮೆರಿಕ ಸರ್ಕಾರದ ಆ ವರ್ಷದ ಅಂತರರಾಷ್ಟ್ರೀಯ ದಾಳಿಗಳ ಪಟ್ಟಿಗೆ ಸೇರಿತು. ಇನ್ನೊಂದು ಸೇರಲಿಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ಫಿಲಿಪೀನ್ಸ್‌ನ ಸೂಪರ್‌ಫೆರಿ 14 ಹಡಗಿನಲ್ಲಿ ಬಾಂಬ್ ಸಿಡಿದು 116 ಜನ ಸತ್ತರು. ಅದೂ ಪಟ್ಟಿಯ ಹೊರಗೇ ಉಳಿಯಿತು. ಕೊಂದವರು, ಸತ್ತವರು ಎಲ್ಲರೂ ಅದೇ ದೇಶದವರು ಅನ್ನೋದೇ ಕಾರಣ. ಇದನ್ನು ಮೊದಲ ಸಲ ಓದಿದಾಗ ನನಗೆ ತುಂಬ ನೋವಾಗಿತ್ತು.

ನಿಮ್ಮ ಇಳಿಯುವ ಗ್ರಾಫ್ ಬಹುಶಃ ಇಂಥ ಗಡಿ ದಾಟಿದ ದಾಳಿಗಳದ್ದು. ಏರುವ ಗ್ರಾಫ್‌ನಲ್ಲಿ ದೇಶದೊಳಗಿನ ದಾಳಿಗಳೂ ಸೇರಿವೆ. ಜಗತ್ತಿನಲ್ಲಿ ಜಾಸ್ತಿ ದಾಳಿಗಳು ಈ ಎರಡನೇ ಬಗೆಯವೇ.

ಪ್ರಶ್ನೆ: ಸರ್ಕಾರದ ವರದಿಯಲ್ಲಿ ಇರುವ ಸಂಖ್ಯೆಯಾದರೆ ಗಟ್ಟಿ ಅಲ್ವಾ ಮೇಡಂ?

ಉತ್ತರ: ಅಲ್ಲ. ಇದಕ್ಕೆ ಒಂದು ಘಟನೆಯನ್ನು ಪೂರ್ತಿ ಹೇಳುತ್ತೇನೆ. ಸೆಮಿನಾರ್‌ಗೂ ಉಪಯೋಗವಾಗುತ್ತದೆ.

ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ವರ್ಷ ಜಾಗತಿಕ ಭಯೋತ್ಪಾದನೆಯ ವರದಿ ಹೊರತರುತ್ತಿತ್ತು. 2003ನೇ ವರ್ಷದ ವರದಿ 2004ರ ಏಪ್ರಿಲ್‌ನಲ್ಲಿ ಬಂತು. ಅದರಲ್ಲಿದ್ದದ್ದು 190 ದಾಳಿ, 1969ರ ನಂತರ ಅತಿ ಕಡಿಮೆ. ಹೋರಾಟದಲ್ಲಿ ಗೆಲ್ಲುತ್ತಿದ್ದೇವೆ ಅನ್ನೋದಕ್ಕೆ ಇದೇ ಪುರಾವೆ ಅಂತ ಅಧಿಕಾರಿಗಳು ಹೇಳಿಕೊಂಡರು. ಆಗ ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ಮತ್ತು ರಾಜಕೀಯ ವಿಜ್ಞಾನಿ ಡೇವಿಡ್ ಲೈಟಿನ್ ವರದಿಯ ಹಿಂಭಾಗದ ಪಟ್ಟಿಯನ್ನು ಕೂತು ಎಣಿಸಿದರು. ಇಳಿದಿದ್ದು ಸಣ್ಣಪುಟ್ಟ ದಾಳಿಗಳು ಮಾತ್ರ, 'ಮಹತ್ವದ' ದಾಳಿಗಳು ಏರಿದ್ದವು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಪಟ್ಟಿ ನವೆಂಬರ್ 11ಕ್ಕೇ ನಿಂತುಹೋಗಿತ್ತು! ಇಸ್ತಾಂಬುಲ್‌ನಲ್ಲಿ ನವೆಂಬರ್ 15 ಮತ್ತು 20ರಂದು ಯಹೂದಿ ಪ್ರಾರ್ಥನಾ ಮಂದಿರಗಳು, ಬ್ರಿಟಿಷ್ ದೂತಾವಾಸ ಮತ್ತು ಒಂದು ಬ್ಯಾಂಕಿನ ಮೇಲೆ ನಡೆದ ಸ್ಫೋಟಗಳಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಲೆಕ್ಕದಲ್ಲಿ ಅವರು ಇರಲೇ ಇಲ್ಲ.

ಜೂನ್‌ನಲ್ಲಿ ತಿದ್ದಿದ ವರದಿ ಬಂತು. ದಾಳಿಗಳು 208, ಹಿಂದಿನ ವರ್ಷಕ್ಕಿಂತ ಸ್ವಲ್ಪ ಜಾಸ್ತಿಯೇ. ಸಾವು 307 ಇದ್ದದ್ದು 625 ಆಯಿತು. ಇಬ್ಬರು ಓದುಗರು ಪಟ್ಟಿಯನ್ನು ಕೊನೆವರೆಗೆ ಓದಿದ್ದರಿಂದ ಇದು ಹೊರಬಿತ್ತು. ನೀವೂ ಹಾಗೇ ಓದಿ ಅಂತ ನನ್ನ ಆಸೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಎಣಿಸುವ ಕೆಲಸ ಅಮೆರಿಕದ ರಾಷ್ಟ್ರೀಯ ಭಯೋತ್ಪಾದನಾ ನಿಗ್ರಹ ಕೇಂದ್ರಕ್ಕೆ ಹೋಯಿತು. 2004ಕ್ಕೆ ಅವರು ಮೊದಲು ಕೊಟ್ಟ ಸಂಖ್ಯೆ 651. ಆಮೇಲೆ 'ಅಂತರರಾಷ್ಟ್ರೀಯ' ಅನ್ನೋ ಷರತ್ತನ್ನೇ ತೆಗೆದುಹಾಕಿದರು. 2005ರ ಲೆಕ್ಕ 11,000 ದಾಟಿತು. ಇವೆರಡನ್ನೂ ಒಂದೇ ಗೆರೆಯಲ್ಲಿ ಇಟ್ಟರೆ ಒಂದೇ ವರ್ಷದಲ್ಲಿ ಹದಿನೇಳು ಪಟ್ಟು! ಇರಾಕ್‌ನಲ್ಲಿ ಹಿಂಸೆ ನಿಜಕ್ಕೂ ಹೆಚ್ಚುತ್ತಿತ್ತು, ಅದು ಬೇರೆ. ಆದರೆ ಈ ಜಿಗಿತದ ದೊಡ್ಡ ಪಾಲು ನಿಯಮ ಬದಲಾಗಿದ್ದರಿಂದ ಬಂದದ್ದು.

ಪ್ರಶ್ನೆ: ಹಾಗಾದರೆ 2012ರ ಜಿಗಿತವೂ ಸುಳ್ಳಾ?

ಉತ್ತರ: ಸುಳ್ಳಲ್ಲ, ಬೆರಕೆ. ಆ ಗ್ರಾಫ್ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಗ್ಲೋಬಲ್ ಟೆರರಿಸಂ ಡೇಟಾಬೇಸ್‌ನದ್ದು ಇರಬೇಕು. ಅದು 1970ರಿಂದ ಶುರುವಾಗುತ್ತದೆ. 1997ರವರೆಗಿನ ಭಾಗ ಒಂದು ಖಾಸಗಿ ಭದ್ರತಾ ಸಂಸ್ಥೆಯವರು ಕಾರ್ಡುಗಳ ಮೇಲೆ ಬರೆದಿಟ್ಟದ್ದು. ಆಮೇಲಿನದನ್ನು ಬೇರೆ ಬೇರೆ ತಂಡಗಳು ಬೇರೆ ಬೇರೆ ರೀತಿಯಲ್ಲಿ ಸಂಗ್ರಹಿಸಿವೆ. 2012ರ ದಾಳಿಗಳನ್ನು ದಾಖಲಿಸುವಾಗಿನಿಂದ ಸುದ್ದಿ ಹುಡುಕಲು ಕಂಪ್ಯೂಟರ್ ಬಳಕೆ ಬಹಳ ಹೆಚ್ಚಾಯಿತು. ಮೊದಲು ಕಣ್ಣಿಗೆ ಬೀಳದಿದ್ದ ಸಣ್ಣ ದಾಳಿಗಳೂ ಬೀಳತೊಡಗಿದವು. ಏರಿಕೆಯ ಒಂದು ಭಾಗ ಇದರಿಂದ ಅಂತ ಡೇಟಾಬೇಸ್ ನಡೆಸುವವರೇ ಎಚ್ಚರಿಸಿದ್ದಾರೆ.

ಉಳಿದ ಭಾಗ ನಿಜ. ಇರಾಕ್ ಮತ್ತು ಸಿರಿಯಾದಲ್ಲಿ ಐಸಿಸ್, ನೈಜೀರಿಯಾದಲ್ಲಿ ಬೊಕೊ ಹರಾಮ್, ಜೊತೆಗೆ ಅಫ್ಘಾನಿಸ್ತಾನ, ಪಾಕಿಸ್ತಾನ. 2014ರಲ್ಲಿ ಇದೇ ಡೇಟಾಬೇಸ್‌ನ ಸಾವಿನ ಲೆಕ್ಕ ಸುಮಾರು 44,000ಕ್ಕೆ ಮುಟ್ಟಿತು.

ಬೆರಕೆಯನ್ನು ಬೇರ್ಪಡಿಸಲು ನಾನು ಮಾಡುವುದು ಇಷ್ಟು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಸತ್ತ ದಾಳಿಗಳನ್ನು ಮಾತ್ರ ಬೇರೆ ಎಣಿಸುತ್ತೇನೆ. ಯಾರೂ ಸಾಯದ ಸ್ಫೋಟ ಸುದ್ದಿಯಾಗದೇ ಹೋಗಬಹುದು, ಹತ್ತು ಜನ ಸತ್ತರೆ ಸಾಮಾನ್ಯವಾಗಿ ಸುದ್ದಿಯಾಗುತ್ತದೆ. ಆ ಎಣಿಕೆಯೂ ಏರಿದ್ದರೆ ಏರಿಕೆ ನಿಜವಾದದ್ದು.

ಇನ್ನೊಬ್ಬ ಸದಸ್ಯರು: ದಾಳಿಗಳ ಸಂಖ್ಯೆ ಯಾಕೆ ಬೇಕು? ಸಾವಿನ ಲೆಕ್ಕ ಹಿಡಿದರೆ ಸಾಕಲ್ವಾ?

ಉತ್ತರ: ಸರ್, ಸಾವಿನ ಲೆಕ್ಕ ಒಂದೇ ಘಟನೆಯಿಂದ ಪೂರ್ತಿ ವಾಲುತ್ತದೆ. 2001ರ ಸೆಪ್ಟೆಂಬರ್ 11ರಂದು ಒಂದೇ ಬೆಳಿಗ್ಗೆ ಸುಮಾರು 3,000 ಜನ ಸತ್ತರು. ನಾಲ್ಕು ವಿಮಾನ, ಆದ್ದರಿಂದ ಡೇಟಾಬೇಸ್‌ನಲ್ಲಿ ಬರೀ ನಾಲ್ಕು ಸಾಲು. 2002 ಬಂದ ಕೂಡಲೇ ಅಮೆರಿಕದ ಗೆರೆ ಪಾತಾಳಕ್ಕೆ ಇಳಿಯುತ್ತದೆ. ಅದು ಸುಧಾರಣೆ ಅಂತ ಹೇಳಲು ಆಗುತ್ತದಾ? ಹೆಚ್ಚಿನ ದಾಳಿಗಳಲ್ಲಿ ಸಾವು ಇಲ್ಲ ಅಥವಾ ಒಂದೆರಡು. ಎಲ್ಲೋ ಕೆಲವು ಮಾತ್ರ ಭಯಂಕರ. ಇಂಥ ಕಡೆ ವರ್ಷದ ಸರಾಸರಿ ದಾರಿ ತಪ್ಪಿಸುತ್ತದೆ. ಅತಿ ದೊಡ್ಡ ಘಟನೆಯನ್ನು ಇಟ್ಟು ಒಮ್ಮೆ, ತೆಗೆದು ಒಮ್ಮೆ ನೋಡಿ. ಐದು ವರ್ಷಗಳನ್ನು ಒಟ್ಟುಗೂಡಿಸಿ ನೋಡಿ.

ಇನ್ನೊಂದು ವಿಷಯ. ಮೊದಲ ದಿನದ ಸುದ್ದಿಯಲ್ಲಿ 12 ಸಾವು ಅಂತ ಇರುತ್ತದೆ, ವಾರದ ನಂತರ 19. ಆಸ್ಪತ್ರೆಯಲ್ಲಿ ತೀರಿಕೊಂಡವರು ಸಣ್ಣ ಸುದ್ದಿಯಾಗಿ ಒಳಪುಟಕ್ಕೆ ಹೋಗುತ್ತಾರೆ. ಹಿಂತಿರುಗಿ ಹುಡುಕದಿದ್ದರೆ ಆ ಏಳು ಜನ ದಾಖಲೆಯಲ್ಲಿ ಬರುವುದೇ ಇಲ್ಲ. ನನ್ನ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿಯುತ್ತಿದ್ದದ್ದು ಈ ಹುಡುಕಾಟವೇ. ಅದು ಸುಮ್ನೆ ಹೋದ ಹೊತ್ತು ಅಂತ ಒಂದು ದಿನವೂ ಅನ್ನಿಸಲಿಲ್ಲ.

ಅದೇ ಸದಸ್ಯರು: ಯುದ್ಧ ನಡೆಯುವ ದೇಶಗಳನ್ನು ಸೇರಿಸಬೇಕಾ?

ಉತ್ತರ: ಇದು ಇನ್ನೂ ಇತ್ಯರ್ಥವಾಗದ ಜಗಳ. ಇರಾಕ್‌ನಲ್ಲಿ ಸಶಸ್ತ್ರ ಗುಂಪುಗಳು ನಾಗರಿಕರನ್ನು ಕೊಂದದ್ದನ್ನು ಭಯೋತ್ಪಾದನೆ ಅಂತ ಎಣಿಸಿದರು. ಆಫ್ರಿಕಾದ ಅಂತರ್ಯುದ್ಧಗಳಲ್ಲಿ ಅದೇ ಬಗೆಯ ಕೊಲೆಗಳನ್ನು ಎಣಿಸಿದ್ದು ಬಹಳ ಕಡಿಮೆ. ಇರಾಕ್ ಅನ್ನು ಹೊರಗಿಟ್ಟು ನೋಡಿದರೆ ಜಗತ್ತಿನಲ್ಲಿ ಭಯೋತ್ಪಾದನೆಯ ಸಾವು ಸುಮಾರು 40 ಶೇಕಡಾ ಇಳಿದಿದೆ ಅಂತ 2007ರ ಹ್ಯೂಮನ್ ಸೆಕ್ಯುರಿಟಿ ಬ್ರೀಫ್ ಅನ್ನೋ ಸಂಶೋಧನಾ ವರದಿ ಹೇಳಿತು. ಒಂದು ದೇಶವನ್ನು ಸೇರಿಸಿದರೆ ಏರಿಕೆ, ಬಿಟ್ಟರೆ ಇಳಿಕೆ. ಹಾಗಾಗಿ ಎರಡನ್ನೂ ತೋರಿಸಿ ಅಂತಲೇ ನಾನು ಹೇಳುವುದು. ಒಂದನ್ನೇ ತೋರಿಸುವುದು ಓದುಗರಿಗೆ ಮಾಡುವ ಅನ್ಯಾಯ.

ಪ್ರಶ್ನೆ: ಧನ್ಯವಾದ ಮೇಡಂ. ಶೀರ್ಷಿಕೆ ಬದಲಾಯಿಸಿದೆ: '1970ರಿಂದ 2020ರವರೆಗೆ ಹತ್ತಕ್ಕಿಂತ ಕಡಿಮೆಯಿಲ್ಲದಷ್ಟು ಜನ ಸತ್ತ ದಾಳಿಗಳು, ಇರಾಕ್ ಸೇರಿಸಿ ಮತ್ತು ಬಿಟ್ಟು'. 2012ರ ಹತ್ತಿರ ಚುಕ್ಕೆಗೆರೆ ಎಳೆದು ವಿಧಾನ ಬದಲಾಗಿದೆ ಅಂತ ಬರೆಯುತ್ತೇನೆ. ಸರಿನಾ? ಇನ್ನೊಂದು ಡೌಟು. ಡೇಟಾಬೇಸ್‌ನಲ್ಲಿ 1993ಕ್ಕೆ ಒಂದು ಸಾಲೂ ಕಾಣುತ್ತಿಲ್ಲ. ಸೊನ್ನೆ ಹಾಕಲಾ?

ಉತ್ತರ: ಶೀರ್ಷಿಕೆ ಚೆನ್ನಾಗಿದೆ. 'ಹತ್ತು ಅಥವಾ ಹೆಚ್ಚು ಜನ' ಅಂತ ಸರಳವಾಗಿ ಬರೆಯಿರಿ. ಸೊನ್ನೆ ಮಾತ್ರ ಹಾಕಬೇಡಿ. 1993ರ ಕಾರ್ಡುಗಳು ಕಚೇರಿ ಬದಲಾಯಿಸುವಾಗ ಕಳೆದುಹೋದವು, ಅದಕ್ಕೇ ಸಾಲುಗಳಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ವರ್ಲ್ಡ್ ಟ್ರೇಡ್ ಸೆಂಟರ್ ಅಡಿಯಲ್ಲಿ ಬಾಂಬ್ ಸಿಡಿದಿತ್ತು. ಮಾರ್ಚ್ 12ರಂದು ಮುಂಬೈಯ ಸರಣಿ ಸ್ಫೋಟಗಳಲ್ಲಿ 257 ಜನ ಸತ್ತಿದ್ದರು. ಆ ಜಾಗವನ್ನು ಖಾಲಿ ಬಿಟ್ಟು, ಯಾಕೆ ಖಾಲಿ ಅಂತ ಕೆಳಗೆ ಬರೆಯಿರಿ.