ಮಧ್ಯಾಹ್ನ ಬಾಡಿ ಸಂಜೆ ಏಳುವ ಆಲೂ ಗಿಡ: ಕಂಡವರು ಹೇಳಿ

ಹಾಸನದ ಹತ್ತಿರದಿಂದ ಪ್ರಶ್ನೆ: ಮುಂಗಾರಿಗೆ ಕುಫ್ರಿ ಜ್ಯೋತಿ ತಳಿಯ ಆಲೂ ಹಾಕಿದ್ದೇನೆ. ಮಣ್ಣು ಏರಿಸಿ ಆಗಿದೆ. ಈಗ ಅಲ್ಲೊಂದು ಇಲ್ಲೊಂದು ಗಿಡ ಮಧ್ಯಾಹ್ನ ಜೋತು ಬೀಳುತ್ತದೆ, ಸಂಜೆಗೆ ಎದ್ದು ನಿಲ್ಲುತ್ತದೆ. ಎಲೆ ಮಾತ್ರ ಹಸಿರು. ಅಂಗಮಾರಿ ಇರಬಹುದಾ? ಅಂಗಡಿಯವರು ಔಷಧಿ ಹೊಡೀರಿ ಅಂತಿದ್ದಾರೆ.

ಅರಕಲಗೂಡು ಕಡೆಯಿಂದ: ಅಂಗಮಾರಿ ಅಲ್ಲ ಅನ್ನಿಸುತ್ತೆ. ಅದಾದರೆ ಎಲೆ ಮೇಲೆ ಕಪ್ಪು ಮಚ್ಚೆ ಬರುತ್ತದೆ, ಅಡಿಯಲ್ಲಿ ಬಿಳಿ ಬೂಸ್ಟು ಕಾಣುತ್ತದೆ. ಎಲೆ ಹಸಿರಿದ್ದು ಗಿಡ ಸೊರಗಿದರೆ ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ ಇರಬಹುದು. ಔಷಧಿಗೆ ದುಡ್ಡು ಸುರಿಯುವ ಮೊದಲು ಒಂದು ಗಾಜಿನ ಲೋಟ ತಗೊಳ್ಳಿ. ಬಾಡಿದ ಗಿಡದ ಬುಡದಿಂದ ಬೆರಳುದ್ದ ಕಾಂಡ ಕತ್ತರಿಸಿ, ತಿಳಿನೀರಿನಲ್ಲಿ ತುದಿ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಸಣ್ಣ ಎಳೆ ಕೆಳಕ್ಕೆ ಇಳಿದರೆ ದುಂಡಾಣುವೇ. ಗೆಡ್ಡೆಯನ್ನೂ ಅಡ್ಡಕ್ಕೆ ಕೊಯ್ದು ನೋಡಿ. ಸಿಪ್ಪೆಯ ಒಳಗೆ ಕಂದು ಉಂಗುರ ಇರುತ್ತದೆ, ಹಿಂಡಿದರೆ ಬಿಳಿ ಅಂಟು ಬರುತ್ತದೆ. ಕೆಲವು ಗೆಡ್ಡೆಗಳ ಕಣ್ಣಿಗೆ ಮಣ್ಣು ಮೆತ್ತಿಕೊಂಡಿರುತ್ತದೆ, ಅದೂ ಇದೇ ಅಂಟಿನಿಂದ.

ಪ್ರಶ್ನೆ ಕೇಳಿದವರು: ಎಳೆ ಬಂತು ಅಣ್ಣ. ಚೆನ್ನಾಗೇ ಬಂತು. ಈಗ ಏನು ಹೊಡೆಯಲಿ?

ಅರಕಲಗೂಡು ಕಡೆಯಿಂದ: ಏನೂ ಬೇಡ. ದುಂಡಾಣು ಕಾಂಡದೊಳಗಿನ ನೀರಿನ ನಾಳ ಹಿಡಿದಿದೆ. ಮೇಲಿಂದ ಆಂಟಿಬಯೋಟಿಕ್ ಹೊಡೆದು ಆ ಗಿಡ ಉಳಿಸಿದವರನ್ನು ನಾನಂತೂ ನೋಡಿಲ್ಲ. ಬಾಡಿದ್ದನ್ನು ಗೆಡ್ಡೆ, ಬೇರು, ಸುತ್ತಲಿನ ಮಣ್ಣು ಸಮೇತ ಕಿತ್ತು ಚೀಲಕ್ಕೆ ಹಾಕಿ ಹೊರಗೆ ಒಯ್ಯಿರಿ. ತಿಪ್ಪೆಗೆ, ಕಾಲುವೆಗೆ ಎಸೆಯಬೇಡಿ. ಗುಂಡಿಗೆ ಬ್ಲೀಚಿಂಗ್ ಪುಡಿ ಉದುರಿಸಿ. ಆ ಸಾಲಿನ ನೀರು ಕೆಳಗಿನ ತಾಕಿಗೆ ಇಳಿಯದಂತೆ ಮಣ್ಣು ಕಟ್ಟಿ. ಕಾಯಿಲೆ ಇರುವ ಕಡೆಯ ಕೆಲಸ ಕೊನೆಗೆ ಇಟ್ಟುಕೊಳ್ಳಿ, ಗುದ್ದಲಿ ತೊಳೆದು ಮನೆಗೆ ತನ್ನಿ.

ಚಿಕ್ಕಮಗಳೂರು ಕಡೆಯಿಂದ: ಬೀಜದ ಮಾತು ಯಾರೂ ಎತ್ತಲಿಲ್ಲ! ನಮ್ಮ ಕಡೆ ಪಂಜಾಬಿನ ಜಲಂಧರ್ ಬಿತ್ತನೆ ಗೆಡ್ಡೆ ತಂದು, ಕೊಯ್ದು ಹಾಕುತ್ತೇವೆ. ತಂಪು ಊರಿನಲ್ಲಿ ಬೆಳೆದ ಗೆಡ್ಡೆಯಲ್ಲಿ ರೋಗ ಅಡಗಿ ಕೂತಿದ್ದರೂ ಹೊರಗೆ ಕಾಣುವುದಿಲ್ಲ. ನಮ್ಮ ಬಿಸಿಲು ತಾಗಿದಾಗ ಎದ್ದು ಬರುತ್ತದೆ. ಅದನ್ನು ಕೊಯ್ದ ಚಾಕು ಮುಂದಿನ ಗೆಡ್ಡೆಗಳಿಗೂ ಹಚ್ಚುತ್ತಾ ಹೋಗುತ್ತದೆ. ಕೊಯ್ದ ಹೋಳುಗಳಿಗೆ ಮ್ಯಾಂಕೋಜೆಬ್ ಸವರಿದ್ದೇವಲ್ಲ ಅನ್ನುತ್ತಾರೆ. ಅದು ಶಿಲೀಂಧ್ರದ ಔಷಧಿ, ದುಂಡಾಣುವಿಗೆ ಅದನ್ನೇ ನಂಬಿ ಕೂರಬೇಡಿ. ಮೊಟ್ಟೆ ಗಾತ್ರದ ಇಡೀ ಗೆಡ್ಡೆ ಸಿಕ್ಕರೆ ದುಡ್ಡು ಸ್ವಲ್ಪ ಜಾಸ್ತಿಯಾದರೂ ಅದನ್ನೇ ಹಾಕಿ. ಕೊಯ್ಯಲೇಬೇಕಾದರೆ ಎರಡು ಚಾಕು ಇಟ್ಟುಕೊಳ್ಳಿ. ಒಂದು ಬ್ಲೀಚಿಂಗ್ ನೀರಿನಲ್ಲಿ ಮುಳುಗಿರಲಿ, ಇನ್ನೊಂದು ಕೈಯಲ್ಲಿರಲಿ, ಆಗಾಗ ಬದಲಾಯಿಸಿ. ಕೂಲಿಯವರು ಗೊಣಗುತ್ತಾರೆ, ಗೊಣಗಲಿ.

ಪ್ರಶ್ನೆ ಕೇಳಿದವರು: ಮುಂದಿನ ಸಲ ಅದೇ ಹೊಲಕ್ಕೆ ಶುಂಠಿ ಹಾಕೋಣ ಅಂತಿದ್ದೆ. ರೇಟ್ ಚೆನ್ನಾಗಿದೆ.

ಹೊಳೆನರಸೀಪುರ ಕಡೆಯಿಂದ: ಬೇಡ ಸಾರ್. ಶುಂಠಿಗೂ ದುಂಡಾಣು ಸೊರಗು ಬರುತ್ತದೆ, ಅಪಾಯ ಯಾಕೆ? ಟೊಮೆಟೊ, ಬದನೆ, ಮೆಣಸಿನಕಾಯಿಯೂ ಬೇಡ. ಎರಡು ಮೂರು ವರ್ಷ ರಾಗಿ, ಮುಸುಕಿನ ಜೋಳ ಹಾಕಿ. ಆಮೇಲೂ ಒಂದು ವಿಷಯ ಬಿಟ್ಟುಹೋಗುತ್ತದೆ. ಉಳಿದ ಗೆಡ್ಡೆಯಿಂದ ತಾನಾಗೇ ಹುಟ್ಟುವ ಆಲೂ ಗಿಡ, ಬದುವಿನ ಗಣಿಕೆ ಸೊಪ್ಪು, ಇವೆರಡರಲ್ಲೂ ದುಂಡಾಣು ಬದುಕುತ್ತದೆ. ರಾಗಿ ನಡುವೆ ಇವನ್ನು ಬಿಟ್ಟರೆ ಬೆಳೆ ಬದಲಾಯಿಸಿದ್ದು ಸುಮ್ನೆ ಅಲ್ವಾ? ಮತ್ತೆ ಆಲೂ ಹಾಕುವಾಗ ಸಾಲಿಗೆ ಬ್ಲೀಚಿಂಗ್ ಪುಡಿ ಕೊಡಬಹುದು. ಶಿಫಾರಸು ಹೆಕ್ಟೇರಿಗೆ 12 ಕೆಜಿ, ಅಂದರೆ ಎಕರೆಗೆ ಸುಮಾರು 5 ಕೆಜಿ. ಹೊಸ ಡಬ್ಬವೇ ಬೇಕು. ಗಾಳಿಯಾಡಿ ವಾಸನೆ ಹೋದ ಪುಡಿಯಲ್ಲಿ ಕಸುವಿಲ್ಲ.

ಅರಕಲಗೂಡು ಕಡೆಯಿಂದ: ಇನ್ನೊಂದು. ಈ ಬೆಳೆಯ ಗೆಡ್ಡೆಯನ್ನು ಬೀಜಕ್ಕೆ ಎತ್ತಿಡಬೇಡಿ, ಚೆನ್ನಾಗಿ ಕಂಡರೂ. ಮಣ್ಣು ಒಣಗಿದ ಮೇಲೆ ಕೀಳಿ. ಒದ್ದೆಯಲ್ಲಿ ಕಿತ್ತು ಮೂಟೆ ಕಟ್ಟಿದರೆ ಮೆತ್ತನೆ ಕೊಳೆ ಶುರುವಾಗಿ ಪಕ್ಕದ ಗೆಡ್ಡೆಗಳಿಗೂ ಇಳಿಯುತ್ತದೆ. ಗಾಯವಾದದ್ದನ್ನು ಆರಿಸಿ ತೆಗೆಯಿರಿ, ಒಳ್ಳೆಯದನ್ನು ಬೇಗ ಮಾರಿಬಿಡಿ.

ಪ್ರಶ್ನೆ ಕೇಳಿದವರು: ಸರಿ ಅಣ್ಣ. ನಾಳೆ ಮಧ್ಯಾಹ್ನ ಚೀಲ ಹಿಡಿದು ಸಾಲು ಸುತ್ತುತ್ತೇನೆ. ಬೆಳಗ್ಗೆ ಹೋದರೆ ಬಾಡಿದ್ದು ಕಾಣೋದೇ ಇಲ್ಲ.