ಅಪ್ಪ-ಅವ್ವನನ್ನು ಬೋಸ್ಟನ್ನಿನ ಕೆನಡಿ ಲೈಬ್ರರಿಗೆ ಕರೆದೊಯ್ಯಬಹುದಾ?

ಜಮಖಂಡಿ ಮಗಳು:
ನಮಸ್ಕಾರ ರೀ. ಮುಂದಿನ ತಿಂಗಳು ಅಪ್ಪ, ಅವ್ವ ಜಮಖಂಡಿಯಿಂದ ಬೋಸ್ಟನ್ನಿನ ನಮ್ಮ ಮನೆಗೆ ಬರುತ್ತಿದ್ದಾರೆ. ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು, ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿಯ ಹೆಸರಿನ ಲೈಬ್ರರಿ ನೋಡಲೇಬೇಕು ಅಂತ ಈಗಿನಿಂದಲೇ ಹಟ ಹಿಡಿದಿದ್ದಾರೆ. ಅಲ್ಲಿ ಬರೀ ಪುಸ್ತಕ, ಕಾಗದಪತ್ರ ಇರುತ್ತವಾ? ಅವ್ವನಿಗೆ ಇಂಗ್ಲಿಷ್ ಬರಲ್ಲ, ಮೊಣಕಾಲು ನೋವು ಬೇರೆ. ಅವಳು ಸುಮ್ನೆ ಕೂತು ಬೇಜಾರಾಗಬಾರದು.

ಟಿಳಕವಾಡಿ ಹುಡುಗ:
ಖಂಡಿತ ಹೋಗಿ ಅಕ್ಕಾ. ಹೆಸರು ಲೈಬ್ರರಿ ಅಂತಿದ್ದರೂ ಜಾಸ್ತಿ ಜನ ನೋಡೋದು ಮ್ಯೂಸಿಯಂ. ದಾಖಲೆ ಓದುವ ಕೋಣೆ ಬೇರೆ ಇದೆ, ಅದು ಸಂಶೋಧನೆ ಮಾಡುವವರಿಗೆ. ವಾಸ್ತುಶಿಲ್ಪಿ ಐ.ಎಂ. ಪೇ ವಿನ್ಯಾಸ ಮಾಡಿದ ಕಟ್ಟಡ, 1979ರಲ್ಲಿ ಶುರುವಾಯಿತು, ಸಮುದ್ರದ ದಂಡೆಯ ಮೇಲೆಯೇ ಇದೆ. ಕೊನೆಗೆ ಎತ್ತರದ ಗಾಜಿನ ಹಾಲ್ ಬರುತ್ತದೆ, ಅಲ್ಲಿಂದ ನೀರು ನೋಡುತ್ತಾ ಅವ್ವ ಆರಾಮಾಗಿ ಇರಬಹುದು. ಕೆನಡಿಯ ಹೆಂಡತಿ ಜಾಕಿಯ ಉಡುಪುಗಳು, ಅಧ್ಯಕ್ಷರ ಕಚೇರಿಯ ಮಾದರಿ, ಹಳೆಯ ಟಿವಿ ಚಿತ್ರಗಳು, ಇವಕ್ಕೆಲ್ಲ ಇಂಗ್ಲಿಷ್ ಏನೂ ಬೇಡ.

ಒಂದು ತೆಂಗಿನ ಚಿಪ್ಪು ಇದೆ, ಅದನ್ನು ಮಾತ್ರ ಅವ್ವನಿಗೆ ನಿಧಾನವಾಗಿ ವಿವರಿಸಿ. ಎರಡನೇ ಮಹಾಯುದ್ಧದಲ್ಲಿ ಕೆನಡಿ ನೌಕಾಪಡೆಯಲ್ಲಿದ್ದರು. 1943ರಲ್ಲಿ ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳ ಹತ್ತಿರ ಜಪಾನಿನ ಯುದ್ಧನೌಕೆ ಬಡಿದು ಅವರ ಪಿಟಿ-109 ಅನ್ನೋ ಸಣ್ಣ ಯುದ್ಧದೋಣಿ ಎರಡು ತುಂಡಾಯಿತು. ಬದುಕಿದವರು ಈಜಿ ದ್ವೀಪ ಸೇರಿದರು. ಕೆನಡಿ ಚಿಪ್ಪಿನ ಮೇಲೆ ಕೊರೆದು ಬರೆದ ಸಂದೇಶವನ್ನು ಇಬ್ಬರು ದ್ವೀಪವಾಸಿಗಳು ಒಯ್ದು ಮುಟ್ಟಿಸಿದರು, ಅದರಿಂದಲೇ ಎಲ್ಲರೂ ಪಾರಾದರು. ಮುಂದೆ ಅಧ್ಯಕ್ಷರಾದ ಮೇಲೂ ಅದನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಅಷ್ಟು ದೊಡ್ಡ ಮನುಷ್ಯನ ಜೀವ ಉಳಿಸಿದ್ದು ಇಷ್ಟು ಸಣ್ಣ ವಸ್ತು ಅಂತ ಕಣ್ಣಾರೆ ನೋಡಿದಾಗ ನನಗೆ ಮೈ ಜುಂ ಅಂದಿತು.

ವಿಜಯಪುರದ ಮೇಷ್ಟ್ರು:
ತಂಗೀ, ನಿಮ್ಮ ಅಪ್ಪನವರಿಗೆ ಹೋಗುವ ಮೊದಲೇ ಒಂದು ಕೆಲಸ ಕೊಡಿ. ಆ ಲೈಬ್ರರಿಯ ಎಷ್ಟೋ ಕಡತಗಳು ವೆಬ್‌ಸೈಟಿನಲ್ಲಿ ಸಿಗುತ್ತವೆ. 1962ರ ಚೀನಾ ಯುದ್ಧದಲ್ಲಿ ನೆಹರೂ ಕೆನಡಿಯ ಸಹಾಯ ಕೇಳಿದ್ದನ್ನು ಅವರು ಪಾಠ ಮಾಡಿರುತ್ತಾರೆ, ಅಲ್ವಾ? ಆ ಕಾಲದ ಭಾರತದ ಕಡತ ಹುಡುಕಿ ಓದಿಕೊಂಡು ಬಂದರೆ ನೋಡುವುದೇ ಬೇರೆಯಾಗುತ್ತದೆ. ನಮ್ಮ ಸಾವಳಗಿಯ ಬಿ.ಡಿ. ಜತ್ತಿಯವರು 1977ರಲ್ಲಿ ಹಂಗಾಮಿ ರಾಷ್ಟ್ರಪತಿ ಆಗಿದ್ದರು. ಅವರ ಕಾಗದ, ಫೋಟೊ, ಭಾಷಣ ಎಲ್ಲಾ ಒಂದೇ ಕಡೆ ಹೀಗೆ ನಮ್ಮ ಜಿಲ್ಲೆಗಳ ಮಕ್ಕಳಿಗೆ ನೋಡಲು ಸಿಗಬೇಕು ಅಂತ ನನ್ನ ಬಹಳ ದಿನದ ಆಸೆ.

ಜಮಖಂಡಿ ಮಗಳು:
ಸರ್, ಇವತ್ತೇ ಅಪ್ಪನಿಗೆ ಲಿಂಕ್ ಕಳಿಸುತ್ತೇನೆ. ಅಣ್ಣಾ, ಟ್ರೇನಿನಲ್ಲಿ ಹೋಗಬಹುದಾ?

ಟಿಳಕವಾಡಿ ಹುಡುಗ:
ರೆಡ್ ಲೈನ್‌ನಲ್ಲಿ ಜೆಎಫ್‌ಕೆ-ಯುಮಾಸ್ ಸ್ಟೇಶನ್ನಿಗೆ ಇಳಿಯಬೇಕು, ಅಲ್ಲಿಂದ ಇನ್ನೂ ದೂರ ಇದೆ. ಅವ್ವನ ಮೊಣಕಾಲಿಗೆ ಕಾರೇ ಒಳ್ಳೆಯದು. ಸ್ವೆಟರ್ ತಗೊಳ್ಳಿ, ದಂಡೆಯ ಗಾಳಿ ಜೋರು.