ಸಹಾಯ ಬೇಕು: ಕಾಫಿ ಬೀಜದೊಳಗಿನ ಭ್ರೂಣವನ್ನು ಮುರಿಯದೆ ತೆಗೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಈಗ ಹೂಬಿಡುವ ಗಿಡಗಳ ಭ್ರೂಣದ ಪಾಠ. ಮೊದಲು ಗುಂಡಗೆ ಉಂಡೆ, ಆಮೇಲೆ ಹೃದಯದ ಆಕಾರ, ಆಮೇಲೆ ಉದ್ದಕ್ಕೆ ಟಾರ್ಪಿಡೋ ಥರ. ಬೋರ್ಡ್ ಮೇಲೆ ಬರೆದು ಬರೆದು ಸಾಕಾಗಿದೆ. "ಮೇಡಂ, ನಮ್ಮ ತೋಟದ ಕಾಫಿಯಲ್ಲೂ ಇದು ಇರುತ್ತಾ?" ಅಂತ ಒಬ್ಬ ಹುಡುಗ ಕೇಳಿದ. ತಲೆನೋವು ಅಲ್ಲಿಂದ ಶುರು.

ಅವರೆಕಾಳಾದರೆ ಸುಲಭ. ನೆನೆಸಿ ಹಿಚುಕಿದರೆ ಎರಡು ಬೇಳೆ, ಅವುಗಳ ನಡುವೆ ಪುಟ್ಟ ಮೊಳಕೆ. ಅಲ್ಲಿ ಎಂಡೋಸ್ಪರ್ಮನ್ನು, ಅಂದರೆ ಭ್ರೂಣಕ್ಕೆಂದು ಬೀಜದಲ್ಲಿರುವ ಆಹಾರದ ಭಾಗವನ್ನು, ಭ್ರೂಣ ಆಗಲೇ ತಿಂದು ಮುಗಿಸಿರುತ್ತದೆ. ಕಾಫಿ ಹಾಗಲ್ಲ. ನಾವು ಹುರಿದು ಪುಡಿ ಮಾಡಿ ಕುಡಿಯೋದು ಹೆಚ್ಚೂಕಮ್ಮಿ ಬರೀ ಎಂಡೋಸ್ಪರ್ಮ್, ಅಲ್ವಾ! ಭ್ರೂಣ ಇರೋದು ಉಬ್ಬಿದ ಬದಿಯ ಒಂದು ತುದಿಯಲ್ಲಿ, ಸುಮಾರು 3-4 ಮಿಲಿಮೀಟರ್ ಅಷ್ಟೇ.

ಪಾರ್ಚ್‌ಮೆಂಟ್ (ಬೀಜದ ಮೇಲಿನ ಗಟ್ಟಿ ಸಿಪ್ಪೆ) ಬಿಡಿಸಿ, ಎರಡು ದಿನ ನೆನೆಸಿ, ಬ್ಲೇಡಿನಲ್ಲಿ ಕೊಯ್ದೆ. ಎಂಟು ಬೀಜದಲ್ಲಿ ಏಳು ಹಾಳು. ಒಂದರಲ್ಲಿ ಮಾತ್ರ ಸಿಕ್ಕಿತು: ಬೆಳ್ಳಗೆ ಪುಟಾಣಿ ಕಡ್ಡಿ, ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ತೆಳು ಬೀಜದಳ. ಮಕ್ಕಳು ಬರುವಷ್ಟರಲ್ಲಿ ಅದೂ ಒಣಗಿತ್ತು.

ಬೀಜ ಮೆತ್ತಗಾಗಲು ಎಷ್ಟು ಹೊತ್ತು ನೆನೆಸಬೇಕು? ಬಿಸಿನೀರು ಹಾಕಬಹುದಾ? ಇನ್ನೊಂದು, ಹೃದಯದ ಹಂತ ನೋಡಬೇಕಾದರೆ ಯಾವ ತಿಂಗಳ ಕಾಯಿ ಕೀಳಬೇಕು? ಹೂಮಳೆ ಬಿದ್ದು ಹೂವಾದ ಮೇಲೂ ಕಾಫಿಯಲ್ಲಿ ಭ್ರೂಣ ತುಂಬಾ ನಿಧಾನ, ಎಂಡೋಸ್ಪರ್ಮೇ ಮೊದಲು ಬೆಳೆಯುತ್ತದೆ. ಹಾಗಾಗಿ ಸುಮ್ನೆ ಎಳೆಕಾಯಿ ಕಿತ್ತು ಹಾಳು ಮಾಡಲು ಮನಸ್ಸಿಲ್ಲ, ತೋಟದವರು ಬೈತಾರೆ. ನಮ್ಮಲ್ಲಿರೋದು ಸಾದಾ ಮೈಕ್ರೋಸ್ಕೋಪ್. ಕೈಯಾರೆ ಮಾಡಿದವರು ದಯವಿಟ್ಟು ಹೇಳಿ.